ಮಗನ ಶಾಲೆಯ ಫಾರಂನಲ್ಲಿ ಯಾವ ಚೌಕಕ್ಕೆ ಗುರುತು ಹಾಕಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡತಿ, ಗಂಡ ಆಫ್ರಿಕನ್ ಅಮೆರಿಕನ್. ಇಲ್ಲೇ ಅಮೆರಿಕದಲ್ಲಿ ಹುಟ್ಟಿದ ಮಗನಿಗೆ ಈಗ ಒಂಬತ್ತು ವರ್ಷ. ಮನೆ ಬದಲಿಸಿದ್ದರಿಂದ ಹೊಸ ಶಾಲೆಗೆ ಸೇರಿಸುತ್ತಿದ್ದೇವೆ. ಫಾರಂನಲ್ಲಿ ‘ರೇಸ್’ ಎಂಬ ಜಾಗಕ್ಕೆ ಬಂದು ಪೆನ್ನು ನಿಂತಿದೆ. ಏಷ್ಯನ್ ಎನ್ನಲೇ, ಬ್ಲ್ಯಾಕ್ ಎನ್ನಲೇ, ಎರಡೂ ಎನ್ನಲೇ? ಹಿಂದೆ ನಿಂತು ನೋಡುತ್ತಿದ್ದ ಮಗ, “ಅಮ್ಮಾ, ನಾನು ಯಾವುದು?” ಎಂದ. ‘ಯಾರು’ ಎಂದಲ್ಲ, ‘ಯಾವುದು’ ಎಂದು. ಹೋದ ವರ್ಷ ಊರಿನಲ್ಲಿ ನೆಂಟರೊಬ್ಬರು ‘ಮಿಶ್ರತಳಿ’ ಎಂದು ನಕ್ಕಿದ್ದು ಅವನ ಕಿವಿಗೂ ಬಿದ್ದಿತ್ತು. ಇಂಥ ಮಕ್ಕಳನ್ನು ಬೆಳೆಸಿದವರು, ಹೀಗೆಯೇ ಬೆಳೆದವರು ಇದ್ದರೆ ದಯವಿಟ್ಟು ಹೇಳಿ.

ಶಾಲಾ ಕಚೇರಿಯಲ್ಲಿ ಕೆಲಸ ಮಾಡಿದವರು

ಮೊದಲು ಕಾಗದದ ವಿಷಯ. ಏನೇ ಮಾಡಿ, ಖಾಲಿ ಮಾತ್ರ ಬಿಡಬೇಡಿ. 2007ರಲ್ಲಿ ಇಲ್ಲಿನ ಶಿಕ್ಷಣ ಇಲಾಖೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ತಂದೆತಾಯಿ ಹೇಳಲು ಒಪ್ಪದಿದ್ದರೆ ಶಾಲೆಯ ಸಿಬ್ಬಂದಿಯೇ ಮಗುವನ್ನು ನೋಡಿ ತುಂಬಬೇಕು. ಆರು ವರ್ಷದ ಕೆಲಸದಲ್ಲಿ ನಾನು ಎರಡು ಸಲ ಹಾಗೆ ತುಂಬಿದ್ದೇನೆ. ಬಾಗಿಲಿನ ಗಾಜಿನಿಂದ ಇಣುಕಿ, ಮಗುವಿನ ಮೂಗು ಕೂದಲು ನೋಡಿ ಚೌಕ ಆರಿಸುವ ಕೆಲಸ ಎಷ್ಟು ಕೀಳೆನಿಸುತ್ತದೆ ಎಂದು ಮಾಡಿದವರಿಗೇ ಗೊತ್ತು.

ಎರಡು ಚೌಕಕ್ಕೂ ಗುರುತು ಹಾಕಬಹುದು. ಆದರೆ ವರದಿ ಮೇಲಕ್ಕೆ ಹೋಗುವಾಗ ಅಂಥ ಮಕ್ಕಳೆಲ್ಲ ‘ಎರಡು ಅಥವಾ ಹೆಚ್ಚು’ ಎಂಬ ಒಂದೇ ಗಂಟಿಗೆ ಸೇರುತ್ತಾರೆ. ನಿಮ್ಮ ಗಂಡನ ಸಮುದಾಯದ ಲೆಕ್ಕದಲ್ಲಿ ಅವನು ಕಾಣುವುದಿಲ್ಲ, ನಿಮ್ಮ ಲೆಕ್ಕದಲ್ಲೂ ಕಾಣುವುದಿಲ್ಲ. ಕಾಲೇಜಿನ ಸೀಟಿನ ಲೆಕ್ಕಾಚಾರವಂತೂ ಬೇಡ. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಗೆ ತಡೆ ಹಾಕಿತು.

ಐವತ್ತು ವರ್ಷ ಹಿಂದೆ ಬಂದವರು

ಅಮ್ಮಾ, ಈ ಚೌಕಗಳು ಆಕಾಶದಿಂದ ಉದುರಿದವಲ್ಲ ಎಂಬುದನ್ನು ಮಗನಿಗೆ ಹೇಳಿ. ನಾನು ಬಂದದ್ದು 1974ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲಿನ ಜನಗಣತಿಯಲ್ಲಿ ನಮ್ಮವರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದ್ದರು! ಇನ್ನೂ ಹಿಂದೆ, 1920, 1930, 1940ರ ಗಣತಿಗಳಲ್ಲಿ ನಮ್ಮ ಜನಾಂಗದ ಹೆಸರು ‘ಹಿಂದೂ’. ಆಗ ಇಲ್ಲಿದ್ದ ಭಾರತೀಯರಲ್ಲಿ ಹೆಚ್ಚಿನವರು ಸಿಖ್ಖರು. ಅದು ಯಾರಿಗೆ ಬೇಕಿತ್ತು?

ಭಗತ್ ಸಿಂಗ್ ಥಿಂಡ್ ಎಂಬವರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗಿನ ಕಾನೂನಿನಲ್ಲಿ ಹೊರಗಿನಿಂದ ಬಂದವರು ಪೌರತ್ವ ಪಡೆಯಲು ಬಿಳಿಯರೋ ಆಫ್ರಿಕನ್ ಮೂಲದವರೋ ಆಗಿರಬೇಕಿತ್ತು. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂಬುದು ಅವರ ವಾದ. ಜಾತಿಯ ಗಂಟನ್ನು ಹಡಗಿನಲ್ಲೂ ಹೊತ್ತು ತಂದಿದ್ದೆವು ನೋಡಿ. ಶಾಸ್ತ್ರಜ್ಞರು ಏನಾದರೂ ಹೇಳಲಿ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ನೀವು ಬಿಳಿಯರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಂಡರು. ಆ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ.

‘ಏಷ್ಯನ್ ಇಂಡಿಯನ್’ ಎಂಬ ಚೌಕ ಬಂದದ್ದು 1980ರ ಗಣತಿಗೆ, ಅದೂ ನಮ್ಮವರು ಕೇಳಿದ್ದಕ್ಕೆ. ಆ ವರ್ಷ ನನ್ನ ಜೊತೆಯಲ್ಲಿದ್ದ ಗೆಳೆಯ ‘ಇಂಡಿಯನ್’ ಎಂಬ ಶಬ್ದ ಕಂಡದ್ದೇ ತಡ, ಇಲ್ಲಿನ ಮೂಲನಿವಾಸಿಗಳ ಚೌಕಕ್ಕೆ ಗುರುತು ಹಾಕಿ ಅಂಚೆಗೆ ಹಾಕಿಬಿಟ್ಟ. ಬುಡಕಟ್ಟಿನ ಹೆಸರು ಬರೆಯುವ ಕಡೆ ತನ್ನ ತಾಲ್ಲೂಕಿನ ಹೆಸರು ಬರೆದಿದ್ದ.

ಒಬ್ಬರು

ಇದನ್ನೆಲ್ಲ ಇಷ್ಟು ತಲೆಗೆ ಹಚ್ಚಿಕೊಳ್ಳುವುದೇಕೆ? ‘ಮನುಷ್ಯ’ ಎಂದು ಬರೆದು ಕೊಟ್ಟುಬಿಡಿ.

ಶಾಲಾ ಕಚೇರಿಯವರು

ಸ್ವಾಮಿ, ಒಬ್ಬ ತಂದೆ ಹಾಗೆಯೇ ಬರೆದಿದ್ದರು. ನಾನು ಇಣುಕಿ ನೋಡಿದ ಇಬ್ಬರು ಮಕ್ಕಳಲ್ಲಿ ಒಂದು ಅವರದೇ.

ಇಬ್ಬರು ಮಕ್ಕಳ ತಾಯಿ

ನನ್ನ ಗಂಡ ಬಿಳಿಯರು, ಆದ್ದರಿಂದ ನನ್ನ ಅನುಭವ ನಿಮಗೆ ಪೂರ್ತಿ ಹೊಂದುವುದಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರೂ ತಮ್ಮನ್ನು ಒಂದೇ ಹೆಸರಿನಿಂದ ಕರೆದುಕೊಳ್ಳುವುದಿಲ್ಲ ಎಂಬುದನ್ನಷ್ಟೇ ಹೇಳಬಲ್ಲೆ. ಮಗಳು ಗಂಡನ ಬಣ್ಣ, ಆದರೆ ‘ನಾನು ದೇಸಿ’ ಎಂದು ಹೋದಲ್ಲೆಲ್ಲ ಹೇಳುತ್ತಾಳೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ! ನನ್ನ ಬಣ್ಣದ ಮಗನಿಗೆ ಹೇಳುವ ಅಗತ್ಯವೇ ಬೀಳುವುದಿಲ್ಲ, ಕೇಳಿದರೆ ‘ಮಿಕ್ಸ್‌ಡ್’ ಎಂದು ಸುಮ್ಮನಾಗುತ್ತಾನೆ. ಮಗಳು ಹತ್ತರಲ್ಲಿ ಒಂದು, ಹದಿನಾರರಲ್ಲಿ ಇನ್ನೊಂದು ಹೇಳುತ್ತಿದ್ದಳು. ನಾನು ತಿದ್ದಲು ಹೋಗಿ ಒಂದು ತಿಂಗಳು ಮಾತು ಬಿಟ್ಟಿದ್ದಳು.

ಆಸ್ಪತ್ರೆಯ ಫಾರಂ ಮಾತ್ರ ಬೇರೆ. ಅಲ್ಲಿ ಮನಸ್ಸಿಗೆ ಬಂದದ್ದಲ್ಲ, ಎರಡೂ ಕಡೆಯ ಮೂಲ ಹೇಳಿ. ಏಷ್ಯಾ ಮೂಲದ ವಯಸ್ಕರಿಗೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ (ಬಿಎಂಐ) 23 ಮುಟ್ಟಿದರೇ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿ ಎನ್ನುತ್ತಾರೆ, ಉಳಿದವರಿಗೆ ಆ ಮಿತಿ 25.

ನಿಮ್ಮ ಮಗನಂತೆಯೇ ಬೆಳೆದವಳು

ಅಮ್ಮ ಕರ್ನಾಟಕದವರು, ಅಪ್ಪ ಬ್ಲ್ಯಾಕ್. ಕನ್ನಡ ಬರೆಯಲು ಕಲಿತದ್ದು ದೊಡ್ಡವಳಾದ ಮೇಲೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಕ್ಕಾ, ನಾನು ಫಾರಂನಲ್ಲಿ ಎರಡಕ್ಕೂ ಗುರುತು ಹಾಕುತ್ತೇನೆ. ಬಾಯಿಮಾತಿನಲ್ಲಿ ಕೇಳಿದರೆ ‘ಬ್ಲ್ಯಾಕ್’ ಎನ್ನುತ್ತೇನೆ. ಎರಡೂ ನಿಜ. ಬರಾಕ್ ಒಬಾಮ ಅವರ ತಾಯಿ ಬಿಳಿಯರು. ಒಂದಕ್ಕಿಂತ ಹೆಚ್ಚು ಚೌಕ ಆರಿಸುವ ಅವಕಾಶ 2000ದಿಂದಲೇ ಇದ್ದರೂ 2010ರ ಗಣತಿಯಲ್ಲಿ ಅವರು ಗುರುತು ಹಾಕಿದ್ದು ಒಂದಕ್ಕೆ, ಬ್ಲ್ಯಾಕ್. ಕಮಲಾ ಹ್ಯಾರಿಸ್ ಅವರ ತಾಯಿ ತಮಿಳುನಾಡಿನವರು, ತಂದೆ ಜಮೈಕಾದವರು, ಅವರು ಎರಡನ್ನೂ ಹೇಳುತ್ತಾರೆ. ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಚಿಕ್ಕಂದಿನಲ್ಲೇ ಕಾಕೇಷಿಯನ್ (ಬಿಳಿಯ), ಬ್ಲ್ಯಾಕ್, ಇಂಡಿಯನ್ (ಅಮೆರಿಕದ ಮೂಲನಿವಾಸಿ), ಏಷ್ಯನ್ ಎಲ್ಲ ಸೇರಿಸಿ ‘ಕ್ಯಾಬ್ಲಿನೇಷಿಯನ್’ ಎಂಬ ಪದವನ್ನು ತಾವೇ ಕಟ್ಟಿಕೊಂಡಿದ್ದರಂತೆ. ನನ್ನಂಥವರಿಗೆ ಬ್ಲ್ಯಾಕ್, ಇಂಡಿಯನ್ ಎರಡನ್ನೂ ಬೆರೆಸಿದ ‘ಬ್ಲಿಂಡಿಯನ್’ ಎಂಬ ಪದವೂ ಚಾಲ್ತಿಯಲ್ಲಿದೆ. ನನಗೆ ಅದು ಬಿಸ್ಕತ್ತಿನ ಹೆಸರಿನಂತೆ ಕೇಳಿಸುತ್ತದೆ.

ಬ್ಲ್ಯಾಕ್ ಎಂದೇ ಏಕೆ ಹೇಳುತ್ತೇನೆ ಗೊತ್ತೇ? ದೇವಸ್ಥಾನದಲ್ಲಿ ಒಬ್ಬಳೇ ಇದ್ದರೆ, “ಯಾರ ಜೊತೆ ಬಂದಿದ್ದೀಯಮ್ಮಾ?” ಎಂದು ಕೇಳುತ್ತಿದ್ದರು. ಅಮ್ಮ ಪಕ್ಕಕ್ಕೆ ಬಂದ ಕೂಡಲೇ ಆ ಪ್ರಶ್ನೆ ಮಾಯ. ಅಪ್ಪನ ಕಡೆಯವರು ಒಂದು ದಿನವೂ ಹಾಗೆ ಕೇಳಲಿಲ್ಲ. ಹೋದೆ, ತಟ್ಟೆ ಇಟ್ಟರು, ಅಷ್ಟೇ.

ಮನೆಯಲ್ಲಿ ‘ಅರ್ಧ’ ಎಂಬ ಮಾತು ಬಳಸಬೇಡಿ, ಹೊಗಳುವಾಗಲೂ ಬೇಡ. ಅವನ ಕೂದಲಿನ ಆರೈಕೆಯನ್ನು ನಿಮ್ಮ ಅತ್ತೆಯವರಿಂದಲೋ ನಾದಿನಿಯಿಂದಲೋ ಕಲಿಯಿರಿ, ನಮ್ಮ ಕೊಬ್ಬರಿ ಎಣ್ಣೆಯ ಹಟ ಬಿಡಿ. ಇನ್ನೊಂದು ಮಾತು, ಬರೆಯುವುದು ಕಷ್ಟ. ಪೊಲೀಸರು ತಡೆದರೆ ಕೈ ಎಲ್ಲಿರಬೇಕು, ಏನು ಹೇಳಬೇಕು ಎಂದು ಅಪ್ಪ ನನ್ನ ತಮ್ಮನಿಗೆ ಹನ್ನೆರಡನೇ ವಯಸ್ಸಿನಲ್ಲೇ ಹೇಳಿಕೊಟ್ಟರು. ರಸ್ತೆಯಲ್ಲಿ ಯಾರೂ ಫಾರಂ ತೋರಿಸು ಎನ್ನುವುದಿಲ್ಲವಲ್ಲ. ಅಮ್ಮ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು. ಆ ದಿನ ಬಂದಾಗ ನೀವು ಎದ್ದು ಹೋಗಬೇಡಿ, ಅವನ ಪಕ್ಕದಲ್ಲೇ ಕುಳಿತಿರಿ.

ಅನುವಾದದ ಕೆಲಸ ಮಾಡುವವರು

ಊರಿನ ನೆಂಟರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ‘ಜನಾಂಗ’ ಎಂಬ ಪದವೇ ಒಂದು ಗೋಣಿಚೀಲ. ಜಾತಿ, ಬುಡಕಟ್ಟು, ಪೀಳಿಗೆ, ರೇಸ್ ಎಲ್ಲವನ್ನೂ ಅದರೊಳಗೇ ತುರುಕಿದ್ದೇವೆ. ಹಳೆಯ ಪುಸ್ತಕ ಓದಿದ ಹಿರಿಯರು ಕೆಟ್ಟ ಮನಸ್ಸಿಲ್ಲದೆಯೂ ‘ನೀಗ್ರೋ’ ಎನ್ನುತ್ತಾರೆ. ಅವರನ್ನು ಬೈಯುವ ಮುನ್ನ, ಅಮೆರಿಕದ ಗಣತಿ ಫಾರಂನಲ್ಲೇ 2010ರವರೆಗೆ ಆ ಪದವಿತ್ತು ಎಂಬುದು ನೆನಪಿರಲಿ. ‘ಬ್ಲ್ಯಾಕ್’ ಎಂಬುದನ್ನು ದೊಡ್ಡ ಅಕ್ಷರದಿಂದ ಬರೆಯುತ್ತೇವೆ ಎಂದು ಎಪಿ ಸುದ್ದಿಸಂಸ್ಥೆ 2020ರಲ್ಲಿ ನಿರ್ಧರಿಸಿತು. ನಮ್ಮ ಲಿಪಿಯಲ್ಲಿ ದೊಡ್ಡ ಅಕ್ಷರವೇ ಇಲ್ಲ, ‘ಕರಿಯ’ ಎಂಬುದು ಮುದ್ದೋ ಬೈಗುಳವೋ ಎಂಬುದನ್ನು ಕೇಳುವವನು ದನಿಯಿಂದಲೇ ತಿಳಿಯಬೇಕು. ‘ಮಿಶ್ರತಳಿ’ಗೆ ಮಾತ್ರ ರಿಯಾಯಿತಿ ಬೇಡ. ಅದು ಹಸುವಿಗೆ, ಜೋಳಕ್ಕೆ ಹೇಳುವ ಮಾತು. ನೆಂಟರಿಗೆ ಅಷ್ಟನ್ನೇ ಹೇಳಿ, ಮಗನ ಎದುರಿನಲ್ಲೇ ಹೇಳಿ.

ಪ್ರಶ್ನೆ ಕೇಳಿದವರು, ನಾಲ್ಕು ದಿನಗಳ ನಂತರ

ಎಲ್ಲರಿಗೂ ಧನ್ಯವಾದ. ನೆಂಟರಿಗೆ ಫೋನು ಮಾಡಿ ಹೇಳಿದೆ. “ತಮಾಷೆಗೆ ಅಂದದ್ದು” ಎಂದರು. ಸ್ಪೀಕರ್ ಹಾಕಿದ್ದೆ, ಮಗ ಕೇಳಿಸಿಕೊಂಡ.

ನಡುವೆ ಹಳೆಯ ಶಾಲೆಯಿಂದ ಅವನ ದಾಖಲೆಗಳು ಬಂದವು. ಐದನೇ ವಯಸ್ಸಿನಲ್ಲಿ ಸೇರಿಸಿದಾಗಿನ ಫಾರಂ ಗಂಡ ತುಂಬಿದ್ದರು. ಗುರುತು ಒಂದೇ ಚೌಕಕ್ಕಿದೆ, ಬ್ಲ್ಯಾಕ್. ನನಗೆ ಗೊತ್ತೇ ಇರಲಿಲ್ಲ. ಸಿಟ್ಟು ಬಂತು, ರಾತ್ರಿ ಕೇಳಿಯೇಬಿಟ್ಟೆ. ಅವರು ಜಗಳವಾಡಲಿಲ್ಲ. ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ ಎರಡು ಹಳೆಯ ಗಣತಿ ಹಾಳೆಗಳನ್ನು ತೆರೆದು ತೋರಿಸಿದರು. ಅವರ ಮುತ್ತಜ್ಜಿಯ ಹೆಸರಿನ ಮುಂದೆ 1920ರಲ್ಲಿ ಬರೆದದ್ದು ‘ಮುಲಾಟೊ’ (ಬ್ಲ್ಯಾಕ್, ಬಿಳಿಯ ಎರಡೂ ಮೂಲವಿದ್ದವರಿಗೆ ಆಗ ಹೇಳುತ್ತಿದ್ದ ಪದ) ಎಂಬುದರ ಮೊದಲೆರಡು ಇಂಗ್ಲಿಷ್ ಅಕ್ಷರ, 1930ರಲ್ಲಿ ‘ನೀಗ್ರೋ’. ಆ ಹತ್ತು ವರ್ಷಗಳಲ್ಲಿ ಸರ್ಕಾರ ಮೊದಲನೆಯ ವರ್ಗವನ್ನು ತೆಗೆದು, ಆಫ್ರಿಕನ್ ಮೂಲದ ಒಂದು ಹನಿ ರಕ್ತವಿದ್ದರೂ ನೀಗ್ರೋ ಎಂದೇ ಬರೆಯಿರಿ ಎಂದಿತ್ತು. ಅದೇ ಹೆಂಗಸು, ಅದೇ ಮನೆ. ಗಣತಿಯವರು ಆಕೆಯನ್ನು ಕೇಳಿರಲಾರರು. “ಅವರು ಹೊರಿಸಿದ ಹೆಸರನ್ನೇ ನಮ್ಮವರು ನಮ್ಮದಾಗಿ ಮಾಡಿಕೊಂಡರು. ಅದನ್ನು ಅವನಿಗೆ ಕೊಡಬೇಕೆನಿಸಿತು, ನಿನ್ನನ್ನು ಬಿಡಬೇಕೆಂದಲ್ಲ,” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮಗ ಬೆಳಿಗ್ಗೆ ಪೆನ್ಸಿಲ್ಲಿನಲ್ಲಿ ಎರಡೂ ಚೌಕಕ್ಕೆ ಗುರುತು ಹಾಕಿದ. ಮಧ್ಯಾಹ್ನ ಒಂದನ್ನು ಅಳಿಸಿ ಮತ್ತೆ ಹಾಕಿದ. ಫಾರಂ ಫ್ರಿಜ್ಜಿನ ಬಾಗಿಲಿನಲ್ಲಿದೆ, ಸೋಮವಾರ ಕೊಡಬೇಕು.