‘ಫೇಸ್ ಡೌನ್’ಗೆ ಏನನ್ನೋಣ? ‘ಗ್ಯಾಸ್’ ಹಾಗೇ ಇರಲಾ?

ಗೆಳೆಯರೇ, ಎಸಿ ರಿಪೇರಿ ಕಲಿಯುವ ಹುಡುಗರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ‘ಫೇಸ್ ಔಟ್’ (phase out), ‘ಫೇಸ್ ಡೌನ್’ (phase down) ಜೋಡಿ. ನಾನು ಎರಡಕ್ಕೂ ‘ಹಂತಹಂತವಾಗಿ ನಿಲ್ಲಿಸುವುದು’ ಅಂತಲೇ ಬರೆದುಬಿಟ್ಟಿದ್ದೆ. ತಪ್ಪು. ಹಳೆಯ ಎಸಿಗಳಲ್ಲಿ ತಂಪು ಮಾಡುವ ಆರ್-22 ಅನ್ನುವ ಗ್ಯಾಸ್ ಓಝೋನ್ ಪದರವನ್ನು ತಿನ್ನುತ್ತದೆ. ಓಝೋನ್ ಉಳಿಸಲು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದು ಪೂರ್ತಿ ಹೋಗಬೇಕು. ಅದರ ಜಾಗಕ್ಕೆ ಬಂದ ಆರ್-410ಎ ಓಝೋನ್ ತಂಟೆಗೆ ಹೋಗುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುತ್ತದೆ. ಒಂದು ಕಿಲೋ ಸೋರಿದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 2,000 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ! ಈ ಗುಂಪಿನ ಗ್ಯಾಸುಗಳ ಬಗ್ಗೆ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಅದೇ ಒಪ್ಪಂದಕ್ಕೆ ಆದ ತಿದ್ದುಪಡಿ ‘ನಿಲ್ಲಿಸಿ’ ಅನ್ನುವುದಿಲ್ಲ, ‘ಕಡಿಮೆ ಮಾಡಿ’ ಅನ್ನುತ್ತದೆ. ಭಾರತದ ಪಾಲಿಗೆ 2032ರಲ್ಲಿ ಶೇ 10, 2047ಕ್ಕೆ ಶೇ 85 ಕಡಿತ. ಮಿಕ್ಕ 15 ಇದ್ದೇ ಇರುತ್ತದೆ, ಅಲ್ವಾ?

ಹಾಗಾಗಿ ‘ಫೇಸ್ ಔಟ್’ಗೆ ‘ಹಂತಹಂತವಾಗಿ ಕೈಬಿಡುವುದು’ ಅಂತ ಹಾಕಿದ್ದೇನೆ. ‘ಫೇಸ್ ಡೌನ್’ಗೆ ‘ಇಳಿಸುವುದು’ ಅಂದುಕೊಂಡಿದ್ದೆ. ‘ಗ್ಯಾಸ್ ಇಳಿಸುವುದು’ ಅಂತ ಓದಿದ ನನ್ನ ತಮ್ಮ, “ಯಾವ ಲಾರಿಯಿಂದ?” ಅಂದ. ಈಗ ‘ಬಳಕೆ ತಗ್ಗಿಸುವುದು’ ಅಂತಿದೆ.

ನಾನು ಸಿಕ್ಕಿಹಾಕಿಕೊಂಡ ಎರಡನೆಯ ಕಡೆ ‘ರೆಫ್ರಿಜರೆಂಟ್’, ಅಂದರೆ ಎಸಿ, ಫ್ರಿಜ್ಜುಗಳೊಳಗೆ ಸುತ್ತುತ್ತಾ ತಂಪು ಮಾಡುವ ಈ ಗ್ಯಾಸುಗಳ ಇಂಗ್ಲಿಷ್ ಹೆಸರು. ಪುಸ್ತಕಗಳಲ್ಲಿ ‘ಶೀತಕ’ ಇದೆ. ಆದರೆ ಶೀತ ಅಂದರೆ ಈ ಹುಡುಗರಿಗೆ ನೆಗಡಿ. ಕಾರಿನ ರೇಡಿಯೇಟರಿಗೆ ಹಾಕುವ ಕೂಲೆಂಟಿಗೂ ಅದೇ ಪದ ಬಳಸುವವರಿದ್ದಾರೆ. ಕೆಲಸ ಮಾಡುವವರೆಲ್ಲ ‘ಗ್ಯಾಸ್’ ಅನ್ನುವುದು. ಅದನ್ನೇ ಇಟ್ಟುಕೊಳ್ಳೋಣ ಅನ್ನಿಸುತ್ತದೆ.

ಬದಲಾಗಬೇಕಾದದ್ದು ಅದರ ಜೊತೆಗಿನ ಮಾತು. ಹೋದ ಬೇಸಿಗೆಯಲ್ಲಿ ನಮ್ಮನೆ ಎಸಿ ತಂಪು ಕೊಡಲಿಲ್ಲ. ಬಂದವರು “ಗ್ಯಾಸ್ ಖಾಲಿ ಸಾರ್” ಅಂದು ತುಂಬಿಸಿ ಹೋದರು. ಎರಡೇ ತಿಂಗಳಿಗೆ ಮತ್ತೆ ಅದೇ ಕಥೆ. ಆಮೇಲೆ ಬಂದ ಇನ್ನೊಬ್ಬರು ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿದರು. ಒಂದು ಸಣ್ಣ ಗುಳ್ಳೆ ಮೆಲ್ಲಗೆ ಉಬ್ಬಿತು. ಒಲೆಯ ಗ್ಯಾಸಿನ ಥರ ಇದು ಉರಿದು ತೀರುವುದಲ್ಲ, ಪೈಪಿನೊಳಗೆ ಸುಮ್ನೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ‘ಖಾಲಿ’ ಅಂದರೆ ತುಂಬಿಸುತ್ತಾರೆ, ‘ಸೋರಿದೆ’ ಅಂದರೆ ತೂತು ಹುಡುಕುತ್ತಾರೆ.

(ಹೊಸ ಫ್ರಿಜ್ಜುಗಳಲ್ಲಿ ಜಾಸ್ತಿ ಇರುವ ಐಸೊಬ್ಯೂಟೇನ್, ಕೆಲವು ಎಸಿಗಳ ಪ್ರೊಪೇನ್, ಇವೆರಡೂ ಅಡುಗೆ ಸಿಲಿಂಡರಿನ ನೆಂಟರೇ. ಬೆಂಕಿ ತಗುಲಿದರೆ ಉರಿಯುತ್ತವೆ. ಅಲ್ಲಿ ‘ಗ್ಯಾಸ್’ ಅನ್ನುವ ಹೆಸರೇ ಒಂದು ಎಚ್ಚರಿಕೆ.)

ಧಾರವಾಡ, ಮಂಗಳೂರು, ಕಲಬುರಗಿ ಕಡೆಯ ಮೆಕ್ಯಾನಿಕ್‌ಗಳು ಈ ಸೋರಿಕೆಗೆ ಏನನ್ನುತ್ತಾರೆ? ‘ಲೀಕ್’ ಬಿಟ್ಟು ಬೇರೆ ಪದ ಕೇಳಿದ್ದರೆ ತಿಳಿಸಿ.