ಹಳೇ ಡೆಸ್ಕ್‌ಟಾಪಿಗೆ ಎರಡನೇ ಡಿವಿಡಿ ರೈಟರ್: ಕೇಬಲ್, ಜಂಪರ್, ಕರೆಂಟು

ಪ್ರಶ್ನೆ (ವೀಡಿಯೊ ಸ್ಟುಡಿಯೊ, ಹಾಸನ):
ನಮಸ್ಕಾರ ಸರ್. ಮದುವೆ, ಗೃಹಪ್ರವೇಶದ ವೀಡಿಯೊ ಮಾಡಿಕೊಡ್ತೀವಿ. ಪೆನ್‌ಡ್ರೈವ್ ಕೊಟ್ಟರೂ ಮನೆಯ ಹಿರಿಯರು ಡಿಸ್ಕೂ ಬೇಕು ಅಂತಾರೆ. ಒಂದೊಂದು ಮದುವೆಗೆ ಹತ್ತು ಹನ್ನೆರಡು ಪ್ರತಿ ಹೊಡೀಬೇಕು. ಸಿಸ್ಟಂ ಹಳೇದು: ಇಂಟೆಲ್ 945 ಚಿಪ್‌ಸೆಟ್ ಬೋರ್ಡು, ವಿಂಡೋಸ್ ಎಕ್ಸ್‌ಪಿ, ಸಾಟಾ ಹಾರ್ಡ್‌ಡಿಸ್ಕು, ಅಗಲ ಪಟ್ಟಿ ಕೇಬಲ್ಲಿನ ಡಿವಿಡಿ ರೈಟರ್ ಒಂದು. ಅದೇ ಥರದ ಇನ್ನೊಂದು ರೈಟರ್ ಕೈಲಿದೆ. ಹಾಕ್ಬೋದಾ? ಒಂದರಲ್ಲಿ ಮೂಲ ಡಿಸ್ಕ್ ಇಟ್ಟು, ಇನ್ನೊಂದರಲ್ಲಿ ಖಾಲಿ ಡಿಸ್ಕ್ ಇಟ್ಟು ನೇರ ಕಾಪಿ ಹೊಡೆಯೋ ಯೋಚನೆ.

ಉತ್ತರ (ಕಂಪ್ಯೂಟರ್ ಸರ್ವೀಸ್, ಹಾಸನ):
ಹಾಕಬಹುದು ಸರ್. ನೇರ ಕಾಪಿ ಮಾತ್ರ ಬೇಡ. ಅದು ಯಾಕೆ ಅಂತ ಮೊದಲು ಹೇಳ್ತೀನಿ.

945 ಬೋರ್ಡುಗಳಲ್ಲಿ ಸಾಮಾನ್ಯವಾಗಿ ಐಡಿಇ ಸಾಕೆಟ್ (ಅಗಲ ಪಟ್ಟಿ ಕೇಬಲ್ ಕೂರೋದು) ಒಂದೇ ಇರುತ್ತೆ, ಸಾಟಾ ಪೋರ್ಟ್ (ಸಣ್ಣ ಕೇಬಲ್ಲಿನದು) ನಾಲ್ಕು. ಒಂದು ಐಡಿಇ ಸಾಕೆಟ್ಟಿಗೆ ಎರಡು ಡ್ರೈವ್ ಹಾಕಬಹುದು, ಆದರೆ ಒಂದೇ ಪಟ್ಟಿ ಕೇಬಲ್ಲಿನ ಮೇಲೆ ಒಂದು ಹೊತ್ತಿಗೆ ಒಂದೇ ಡ್ರೈವ್ ಮಾತಾಡೋದು. ಡಿವಿಡಿಯ 1ಎಕ್ಸ್ ಅಂದ್ರೆ ಸೆಕೆಂಡಿಗೆ 1.385 ಎಂಬಿ, 16ಎಕ್ಸ್ ಅಂದ್ರೆ ಹತ್ತಿರ ಹತ್ತಿರ 22 ಎಂಬಿ. ಒಂದು ಡ್ರೈವ್ 22 ಓದಬೇಕು, ಇನ್ನೊಂದು 22 ಬರೀಬೇಕು, ಕೂಡಿದ್ರೆ 44. ಬಹಳಷ್ಟು ಹಳೇ ರೈಟರ್‌ಗಳು ಕೆಲಸ ಮಾಡೋದು ಸೆಕೆಂಡಿಗೆ 33 ಎಂಬಿ ಮೋಡಿನಲ್ಲಿ. ಅಲ್ಲೇ ಸಿಕ್ಕಿ ಬೀಳುತ್ತೆ. ರೈಟರ್ ಒಳಗಿನ ಬಫರ್ (ಡೇಟಾ ತಾತ್ಕಾಲಿಕವಾಗಿ ನಿಲ್ಲೋ ಮೆಮೊರಿ) 2 ಎಂಬಿ ಇದ್ರೆ, 16ಎಕ್ಸ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ ಖಾಲಿ. ಮೂಲ ಡಿಸ್ಕಿನಲ್ಲಿ ಒಂದು ಗೀರಿದ್ದು ಓದೋ ಡ್ರೈವ್ ಒಂದು ಕ್ಷಣ ತಡವರಿಸಿದ್ರೂ ಬರೆಯೋ ಡ್ರೈವ್ ನಿಂತು ನಿಂತು ಹೊರಡುತ್ತೆ. ಈಚಿನ ಡ್ರೈವ್‌ಗಳಲ್ಲಿ ಇದಕ್ಕೆ ರಕ್ಷಣೆ ಇದೆ, ಡಿಸ್ಕ್ ಕೆಡಲ್ಲ. ಆದ್ರೆ ನಿಂತು ಹೊರಟ ಪ್ರತಿ ಜಾಗವೂ ಹಳೇ ಡಿವಿಡಿ ಪ್ಲೇಯರ್‌ಗೆ ಮುಗ್ಗರಿಸಬಹುದಾದ ಜಾಗ.

ನಿಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೇ ದಾರಿ ಇದೆ. ಮದುವೆ ಡಿವಿಡಿಯನ್ನ ಹಾರ್ಡ್‌ಡಿಸ್ಕಿನಲ್ಲಿ ಐಎಸ್ಒ ಇಮೇಜ್ ಆಗಿ, ಅಂದ್ರೆ ಇಡೀ ಡಿಸ್ಕಿನ ಪ್ರತಿಯನ್ನ ಒಂದೇ ಫೈಲ್ ಮಾಡಿ ಇಟ್ಕೊಳ್ಳಿ. ಎರಡು ರೈಟರ್‌ಗೂ ಒಟ್ಟಿಗೆ, 8ಎಕ್ಸ್‌ನಲ್ಲಿ ಬರೀರಿ. ಒಂದಕ್ಕೆ 11 ಎಂಬಿ, ಎರಡಕ್ಕೂ ಸೇರಿ 22. 33ರ ಒಳಗೇ ಬಂತು. ಓದೋ ಹಾರ್ಡ್‌ಡಿಸ್ಕು ಸಾಟಾದಲ್ಲಿ ಬೇರೆ ಇರೋದ್ರಿಂದ ಅದರ ಹೊರೆ ಈ ಕೇಬಲ್ ಮೇಲೆ ಬೀಳಲ್ಲ. ಇಮ್ಗ್‌ಬರ್ನ್ ಉಚಿತ ಸಾಫ್ಟ್‌ವೇರ್, ಎಕ್ಸ್‌ಪಿಯಲ್ಲೂ ಓಡುತ್ತೆ. ಎರಡು ಸಲ ತೆರೆದು ಒಂದೊಂದಕ್ಕೆ ಒಂದೊಂದು ಡ್ರೈವ್ ಆರಿಸಿ. ತುಂಬಿದ ಡಿಸ್ಕಿಗೆ ಎಂಟೊಂಬತ್ತು ನಿಮಿಷ, ಎರಡೆರಡು ಪ್ರತಿ.

ಈಗ ಕೂರಿಸೋ ಕೆಲಸ. ಪ್ಲಗ್ ಕಿತ್ತು, ಪವರ್ ಬಟನ್ನನ್ನ ಐದು ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳಿದ ಚಾರ್ಜ್ ಇಳಿಯಲಿ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ತಗಡು ಮುಟ್ಟಿ ಆಮೇಲೆ ಕೈ ಹಾಕಿ. ಎರಡೂ ಪಕ್ಕದ ತಗಡು ಬಿಚ್ಚಿ; ಒಂದೇ ಕಡೆ ಬಿಚ್ಚಿದ್ರೆ ಇನ್ನೊಂದು ಕಡೆಯ ಸ್ಕ್ರೂ ಸಿಗಲ್ಲ. ಮುಂದಿನ ಖಾಲಿ ಬೇ (ಡ್ರೈವ್ ಕೂರೋ ಖಾನೆ) ಮುಚ್ಚಳವನ್ನ ಒಳಗಿನಿಂದ ಅದರ ಕೊಕ್ಕೆ ಒತ್ತಿ ತಳ್ಳಿ. ಅದರ ಹಿಂದೆ ಬಹಳ ಕ್ಯಾಬಿನೆಟ್‌ಗಳಲ್ಲಿ ಒಂದು ತೆಳು ತಗಡು ಇರುತ್ತೆ, ಎರಡು ಮೂರು ಸಣ್ಣ ಹಲ್ಲಿನಲ್ಲಿ ಮಾತ್ರ ಅಂಟಿರುತ್ತೆ. ಸ್ಕ್ರೂಡ್ರೈವರ್ ತೂರಿಸಿ ಹಿಂದೆ ಮುಂದೆ ತಿರುಚಿದ್ರೆ ಮುರಿದು ಬರುತ್ತೆ. ಮುರಿದ ಅಂಚು ಬ್ಲೇಡಿನ ಹಾಗೆ, ಬೆರಳು ಜೋಪಾನ.

ಡ್ರೈವ್ ಒಳಗೆ ತಳ್ಳೋ ಮುಂಚೆಯೇ ಜಂಪರ್ (ಎರಡು ಪಿನ್ ಜೋಡಿಸೋ ಪುಟ್ಟ ಟೊಪ್ಪಿ) ಇಡಿ. ಹಿಂಭಾಗ ನೋಡಿ: ಎಡಕ್ಕೆ ಸಣ್ಣ ಆಡಿಯೊ ಸಾಕೆಟ್, ಆಮೇಲೆ ಮೂರು ಜೊತೆ ಪಿನ್, ಆಮೇಲೆ 40 ಪಿನ್ನಿನ ಐಡಿಇ, ಬಲತುದಿಗೆ ನಾಲ್ಕು ದಪ್ಪ ಪಿನ್ನಿನ ಕರೆಂಟು. ಮೂರು ಜೊತೆಯ ಮೇಲೆ ಸಿಎಸ್, ಎಸ್‌ಎಲ್, ಎಂಎ ಅಂತ ಕೊರೆದಿರುತ್ತೆ. ಈಗಿರೋ ಡ್ರೈವ್ ಎಂಎ, ಅಂದ್ರೆ ಮಾಸ್ಟರ್, ಕೇಬಲ್ಲಿನ ಮೊದಲ ಡ್ರೈವ್. ಹೊಸದು ಎಸ್‌ಎಲ್, ಅಂದ್ರೆ ಸ್ಲೇವ್, ಎರಡನೇದು. ಸಿಎಸ್ ಅಂದ್ರೆ ಕೇಬಲ್ ಸೆಲೆಕ್ಟ್, ಯಾರು ಮಾಸ್ಟರ್ ಅಂತ ಕೇಬಲ್ಲಿನ ಜಾಗವೇ ತೀರ್ಮಾನಿಸೋದು. ಆ ಪುಟ್ಟ ಟೊಪ್ಪಿಯನ್ನ ಕೀಳೋಕೆ ಚಿಮಟ ಬೇಕು, ಉಗುರಿನಲ್ಲಿ ಹಿಡಿದ್ರೆ ಹಾರಿ ಎಲ್ಲೋ ಬೀಳುತ್ತೆ.

ಕೇಬಲ್ 80 ತಂತಿಯದು ತಗೊಳ್ಳಿ. ಗುರುತು ಸುಲಭ: ಗೀರುಗಳು ಕೂದಲಿನಷ್ಟು ಸಣ್ಣ, ಕನೆಕ್ಟರ್ ಮೂರಕ್ಕೆ ಮೂರು ಬಣ್ಣ. ನೀಲಿ ಬೋರ್ಡಿಗೆ, ತುದಿಯ ಕಪ್ಪು ಮಾಸ್ಟರ್‌ಗೆ, ನಡುವಿನ ಬೂದು ಸ್ಲೇವ್‌ಗೆ. ಐಡಿಇ ನಿಯಮದ ಪ್ರಕಾರ ಉದ್ದ 18 ಇಂಚು ಮೀರಬಾರದು. ಕೆಂಪು ಅಂಚು ಡ್ರೈವಿನ ಕಡೆ ಕರೆಂಟಿನ ಸಾಕೆಟ್ ಪಕ್ಕಕ್ಕೆ ಬರಬೇಕು. ನಡುವೆ ಒಂದು ತೂತು ಮುಚ್ಚಿದ ಕನೆಕ್ಟರ್ ಆದ್ರೆ ತಪ್ಪಾಗಿ ಹೋಗಲ್ಲ. ಮುಚ್ಚದ ಹಳೇ ಕೇಬಲ್ ಆದ್ರೆ ಉಲ್ಟಾನೂ ಕೂತ್ಕೊಳ್ಳುತ್ತೆ, ಆಗ ಡ್ರೈವಿನ ದೀಪ ಆರದೇ ಉರೀತಾ ಇರುತ್ತೆ, ಸಿಸ್ಟಂ ಮೇಲೇಳಲ್ಲ.

ಕರೆಂಟಿಗೆ ಎಸ್‌ಎಂಪಿಎಸ್‌ನ (ಕರೆಂಟ್ ಪೂರೈಸೋ ಪೆಟ್ಟಿಗೆಯ) ನಾಲ್ಕು ಪಿನ್ ಮೊಲೆಕ್ಸ್ ಕನೆಕ್ಟರ್: ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ನಡುವೆ ಎರಡು ಕಪ್ಪು. ಬಿಗಿಯಾಗಿರುತ್ತೆ, ಕೊನೇವರೆಗೂ ಒತ್ತಿ. ಅರ್ಧ ಕೂತ್ರೆ ಟ್ರೇ ತೆರೆಯುತ್ತೆ ಆದ್ರೆ ಡಿಸ್ಕ್ ತಿರುಗುವಾಗ ಡ್ರೈವ್ ಸತ್ತು ಹುಟ್ಟುತ್ತೆ.

ಕೊನೆಗೆ ಸ್ಕ್ರೂ. ಡಿವಿಡಿ ಡ್ರೈವಿಗೆ ಎಂ3, ಸಣ್ಣ ಮರೆಯದು (ಮರೆ ಅಂದ್ರೆ ಸ್ಕ್ರೂ ಮೈಮೇಲಿನ ಸುರುಳಿ ಗೆರೆ), ಉದ್ದ 5 ಮಿಲಿಮೀಟರ್. ಹಾರ್ಡ್‌ಡಿಸ್ಕಿನದು 6-32, ದಪ್ಪ ಮರೆ. ಅದನ್ನೇ ಬಲವಂತ ಮಾಡಿ ತಿರುಗಿಸಿದ್ರೆ ಮರೆ ಹಾಳು. ಉದ್ದದ ಸ್ಕ್ರೂ ಹಾಕಿದ್ರೆ ಒಳಗಿನ ಟ್ರೇಗೆ ತಾಗುತ್ತೆ. ಪ್ರತಿ ಪಕ್ಕಕ್ಕೆ ಎರಡು ಸಾಕು. ನಾಲ್ಕೂ ಅರ್ಧ ಕೂರಿಸಿ, ಮುಖ ಕ್ಯಾಬಿನೆಟ್ಟಿಗೆ ಸಮ ಇದೆಯಾ ನೋಡಿ, ಆಮೇಲೆ ಬಿಗಿ ಮಾಡಿ.

ಪ್ರಶ್ನೆ (ಅದೇ ಸ್ಟುಡಿಯೊ):
ಹೇಳಿದಂಗೆ ಹಾಕ್ದೆ ಸರ್. ಆದ್ರೆ ಬಯಾಸ್‌ನಲ್ಲಿ (ಸಿಸ್ಟಂ ಶುರುವಾಗುವಾಗ ಬರೋ ಸೆಟ್ಟಿಂಗ್ ಪರದೆ) ಎರಡೂ ಡ್ರೈವ್ ಇಲ್ಲ! ಮುಂಚೆ ಇದ್ದದ್ದೂ ಹೋಯ್ತು.

ಉತ್ತರ (ಕಂಪ್ಯೂಟರ್ ಸರ್ವೀಸ್, ಹಾಸನ):
ಎರಡೂ ಒಟ್ಟಿಗೆ ಮಾಯ ಅಂದ್ರೆ ಒಂದೇ ಪಾತ್ರಕ್ಕೆ ಇಬ್ಬರು ನಿಂತಿದ್ದಾರೆ ಅಂತ ಅರ್ಥ. ಹೊಸ ಡ್ರೈವ್ ಬೇರೆ ಸಿಸ್ಟಂನಿಂದ ಬಂದದ್ದು, ಅಲ್ಲೂ ಅದು ಮಾಸ್ಟರ್ ಆಗಿದ್ದಿರಬೇಕು. ಜಂಪರ್ ಎಂಎಯಲ್ಲೇ ಉಳಿದಿದೆಯಾ, ಟಾರ್ಚ್ ಹಾಕಿ ನೋಡಿ. ಒಂದು ಎಂಎ, ಒಂದು ಸಿಎಸ್ ಅಂತ ಬೆರಕೆ ಮಾಡಿದ್ರೂ ಹೀಗಾಗುತ್ತೆ. ಸಿಎಸ್ ಬೇಕಾದ್ರೆ ಎರಡೂ ಸಿಎಸ್, ಅದಕ್ಕೂ 80 ತಂತಿ ಕೇಬಲ್ಲೇ ಸರಿ.

ಜಂಪರ್ ಸರಿ ಇದ್ರೆ ಹೊಸ ಡ್ರೈವ್ ಒಂದನ್ನೇ, ಜಂಪರ್ ಎಂಎಗೆ ಇಟ್ಟು, ತುದಿಯ ಕಪ್ಪು ಕನೆಕ್ಟರ್‌ಗೆ ಹಾಕಿ ನೋಡಿ. ಒಂಟಿಯಾಗಿ ಕಂಡ್ರೆ ಡ್ರೈವ್ ಚೆನ್ನಾಗಿದೆ, ಕೇಬಲ್ ಬದಲಿಸಿ. ಒಂಟಿಯಾಗಿಯೂ ಕಾಣ್ಲಿಲ್ಲ ಅಂದ್ರೆ ಡ್ರೈವಿನ ಪಿನ್ ಒಂದು ಬಾಗಿದೆಯಾ ನೋಡಿ. ಕೇಬಲ್ ಓರೆ ಎಳೆದು ಕಿತ್ತಾಗ ಮೂಲೆಯ ಪಿನ್ ಬಾಗೋದು ಬಹಳ.

ಪ್ರಶ್ನೆ (ಅದೇ ಸ್ಟುಡಿಯೊ):
ಜಂಪರ್ರೇ ಸರ್, ಎರಡೂ ಎಂಎಯಲ್ಲಿತ್ತು. ಈಗ ಎರಡೂ ಬಂತು. ಆದ್ರೆ ಬರೆಯೋವಾಗ ಸಿಸ್ಟಂ ಪೂರಾ ಜಡ, ಮೌಸ್ ಕೂಡ ಎಳೆದೆಳೆದು ಹೋಗುತ್ತೆ. 8ಎಕ್ಸ್ ಕೊಟ್ರೂ ಅರ್ಧ ಗಂಟೆ ಹಿಡೀತು.

ಉತ್ತರ (ಹಾರ್ಡ್‌ವೇರ್ ಟೆಕ್ನೀಷಿಯನ್, ಚಿಕ್ಕಮಗಳೂರು):
ನಡುವೆ ಬರ್ತಿದ್ದೀನಿ, ಕ್ಷಮಿಸಿ ಸರ್. ಇದು ಎಕ್ಸ್‌ಪಿಯ ಹಳೇ ಕಾಯಿಲೆ. ಕೇಬಲ್ಲಿನಲ್ಲಿ ತಪ್ಪು ಬಂದಾಗೆಲ್ಲ ಎಕ್ಸ್‌ಪಿ ಲೆಕ್ಕ ಇಡುತ್ತೆ. ಆರು ತಪ್ಪಾದ ಮೇಲೆ ವೇಗದ ಮೋಡನ್ನ ಒಂದೊಂದೇ ಮೆಟ್ಟಿಲು ಇಳಿಸಿ ಕೊನೆಗೆ ಪಿಐಒ ಅನ್ನೋ ನಿಧಾನದ ಮೋಡಿಗೆ ತಂದು ನಿಲ್ಲಿಸುತ್ತೆ. ಪಿಐಒನಲ್ಲಿ ಪ್ರತಿ ತುಣುಕನ್ನೂ ಪ್ರೊಸೆಸರ್ರೇ ಹೊತ್ತು ಸಾಗಿಸಬೇಕು, ಅದಕ್ಕೇ ಮೌಸ್ ಕೂಡ ನಿಲ್ಲೋದು. ಕೇಬಲ್ ಸರಿ ಮಾಡಿದ ಮೇಲೂ ಅದು ತಾನಾಗಿ ಮೇಲೇರಲ್ಲ.

ಡಿವೈಸ್ ಮ್ಯಾನೇಜರ್ ತೆರೆದು, ಐಡಿಇ ಕಂಟ್ರೋಲರ್ ಕೆಳಗೆ ನಿಮ್ಮ ಡ್ರೈವ್‌ಗಳಿರೋ ಚಾನೆಲ್ ಮೇಲೆ ಎರಡು ಸಲ ಒತ್ತಿ, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ಪುಟ ನೋಡಿ. ಕರೆಂಟ್ ಟ್ರಾನ್ಸ್‌ಫರ್ ಮೋಡ್ (ಡೇಟಾ ಈಗ ಸಾಗ್ತಿರೋ ಮೋಡ್) ಎದುರು ಪಿಐಒ ಅಂತಿದ್ರೆ, ಆ ಚಾನೆಲ್ಲನ್ನೇ ಅನ್‌ಇನ್‌ಸ್ಟಾಲ್ ಮಾಡಿ ಸಿಸ್ಟಂ ರೀಸ್ಟಾರ್ಟ್ ಮಾಡಿ. ಎದ್ದು ಬಂದಾಗ ಹೊಸದಾಗಿ ಗುರುತಿಸಿ ಅಲ್ಟ್ರಾ ಡಿಎಂಎ ಅನ್ನೋ ವೇಗದ ಮೋಡಿಗೆ ಹೋಗುತ್ತೆ. ಒಂದು ವಾರದಲ್ಲಿ ಮತ್ತೆ ಪಿಐಒಗೆ ಬಿದ್ರೆ ಕೇಬಲ್ ಎಸೆದು ಬೇರೆ ತನ್ನಿ. ಮಡಿಸಿ ಮಡಿಸಿ ಗೆರೆ ಬಿದ್ದ ಪಟ್ಟಿ ಕೇಬಲ್ ಒಳಗೆ ತುಂಡಾಗಿರುತ್ತೆ, ಹೊರಗೆ ಕಾಣಲ್ಲ.

ಪ್ರಶ್ನೆ (ಶಾಲಾ ಶಿಕ್ಷಕಿ, ಮೂಡಿಗೆರೆ ಕಡೆ):
ಇದೇ ವಿಷಯ ಇರೋದ್ರಿಂದ ಇಲ್ಲೇ ಕೇಳ್ತೀನಿ ಸರ್. ಶಾಲೆಯ ಕಂಪ್ಯೂಟರ್ ಎಚ್61 ಬೋರ್ಡು, ವಿಂಡೋಸ್ 7. ಹಳೇ ಪಾಠದ ಸೀಡಿಗಳನ್ನ ಕಂಪ್ಯೂಟರಿಗೆ ಇಳಿಸಬೇಕು. ಇರೋ ಡ್ರೈವ್ ಕೆಲವು ಸೀಡಿ ಓದ್ತಿಲ್ಲ. ಉಗ್ರಾಣದಲ್ಲಿ ಪಟ್ಟಿ ಕೇಬಲ್ಲಿನ ಹಳೇ ಡ್ರೈವ್ ಎರಡು ಇವೆ. ಹಾಕಬಹುದೇ?

ಉತ್ತರ (ಹಾರ್ಡ್‌ವೇರ್ ಟೆಕ್ನೀಷಿಯನ್, ಚಿಕ್ಕಮಗಳೂರು):
ಎಚ್61 ಚಿಪ್‌ಸೆಟ್‌ನಲ್ಲಿ ಐಡಿಇ ಇಲ್ಲ ಮೇಡಂ. ಪರಿವರ್ತಕ ಸಿಗುತ್ತೆ, ಆದ್ರೆ ಅದಕ್ಕೆ ದುಡ್ಡು ಹಾಕೋ ಬದಲು ಬಳಸಿದ ಸಾಟಾ ಡ್ರೈವ್ ತಗೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಯಾರಾದ್ರೂ ಹೋಗೋರಿದ್ರೆ ತರಿಸಿ. ಅಂಗಡಿಯಲ್ಲೇ ಒಂದು ಸೀಡಿ, ಒಂದು ಡಿವಿಡಿ ಹಾಕಿ ಓದಿಸಿ ನೋಡಿ ತರಲಿ. ಸಾಟಾದಲ್ಲಿ ಜಂಪರ್ ತಾಪತ್ರಯ ಇಲ್ಲ, ಒಂದು ಪೋರ್ಟಿಗೆ ಒಂದೇ ಡ್ರೈವ್. ಎಲ್ ಆಕಾರದ ಸಣ್ಣ ಕೇಬಲ್ ಡೇಟಾಗೆ, ಅಗಲ 15 ಪಿನ್ ಕರೆಂಟಿಗೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ ಮೇಡಂ. ಎಸ್‌ಎಂಪಿಎಸ್‌ನಲ್ಲಿ ಸಾಟಾ ಕರೆಂಟಿನ ತುದಿ ಉಳಿದಿಲ್ಲ ಅಂದ್ರೆ ಮೊಲೆಕ್ಸ್‌ನಿಂದ ಸಾಟಾಕ್ಕೆ ಪರಿವರ್ತಕ ತಂತಿ ಕೊಡ್ತಾರೆ. ತಂತಿಗಳ ಮೇಲೇ ಪ್ಲಾಸ್ಟಿಕ್ ಕರಗಿಸಿ ಸುರಿದು ಮಾಡಿದ ಅಗ್ಗದ್ದು ತಗೋಬೇಡಿ. ಒಳಗೆ ತಂತಿಗಳು ಒಂದಕ್ಕೊಂದು ಹತ್ತಿರ ಸರಿದು ಶಾರ್ಟ್ ಆಗಿ ಸುಟ್ಟ ಉದಾಹರಣೆಗಳಿವೆ. ಹಿಂದಿನಿಂದ ನೋಡಿದ್ರೆ ಒಂದೊಂದು ತಂತಿಯೂ ಬೇರೆ ಬೇರೆ ತೂತಿಗೆ ಹೋಗಿರೋದು ಕಾಣಬೇಕು. ಮಕ್ಕಳು ಕೂರೋ ಕೋಣೆ ಅದು.

ಬಯಾಸ್‌ನಲ್ಲಿ ಸಾಟಾ ಮೋಡ್ ಐಡಿಇ ಅಂತಿದೆಯೋ ಎಎಚ್‌ಸಿಐ ಅಂತಿದೆಯೋ, ಇದ್ದಂಗೇ ಬಿಡಿ. ಇಲ್ಲಿ ಐಡಿಇ ಅನ್ನೋದು ಸಾಟಾ ನಡೆಸೋ ಒಂದು ರೀತಿಯ ಹೆಸರು, ಪಟ್ಟಿ ಕೇಬಲ್ ಅಲ್ಲ. ವಿಂಡೋಸ್ ಹಾಕಿದ ಮೇಲೆ ಸುಮ್ಮನೆ ಬದಲಿಸಿದ್ರೆ ನೀಲಿ ಪರದೆ ಬಂದು ನಿಲ್ಲುತ್ತೆ.

ಆದ್ರೆ ಇದೆಲ್ಲ ಮಾಡೋ ಮುಂಚೆ ಸೀಡಿಗಳನ್ನೇ ಬೆಳಕಿಗೆ ಹಿಡಿದು ನೋಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗೂ ತೇವ. ಡಿಸ್ಕ್ ಮೇಲೆ ಬಿಳಿ ಬೂಷ್ಟು ಜೇಡರ ಬಲೆ ಥರ ಹಬ್ಬಿರುತ್ತೆ. ಸ್ವಲ್ಪ ಸೋಪಿನ ನೀರಿನಲ್ಲಿ ಮೆತ್ತಗೆ ತೊಳೆದು, ಮೃದು ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ; ಸುತ್ತಿ ಒರೆಸಿದ್ರೆ ಬಿದ್ದ ಗೀರು ಡೇಟಾದ ಸಾಲಿನ ಉದ್ದಕ್ಕೂ ಬೀಳುತ್ತೆ, ಅದನ್ನ ಡ್ರೈವ್ ಸರಿಪಡಿಸಿಕೊಳ್ಳಲಾರದು. ಹೆಸರು ಅಚ್ಚಾದ ಮೇಲಿನ ಮುಖವನ್ನೂ ಉಜ್ಜಬೇಡಿ. ಸೀಡಿಯ ಕನ್ನಡಿ ಪದರ ಇರೋದು ಅಲ್ಲೇ, ತೆಳು ಬಣ್ಣದ ಅಡಿಯಲ್ಲಿ.

ಪ್ರಶ್ನೆ (ಶಾಲಾ ಶಿಕ್ಷಕಿ):
ತೊಳೆದ ಮೇಲೆ ಮುಕ್ಕಾಲು ಪಾಲು ಓದಿತು ಸರ್, ತುಂಬಾ ಉಪಕಾರ. ಸಾಟಾ ಡ್ರೈವೂ ಹಾಕಿಸಿದೆವು. ಬಯಾಸ್‌ನಲ್ಲಿ ಎರಡೂ ಇವೆ, ವಿಂಡೋಸ್‌ನಲ್ಲಿ ಮಾತ್ರ ಎರಡಕ್ಕೂ ಹಳದಿ ತ್ರಿಕೋನ, ಕೋಡ್ 39 ಅಂತ ಬರುತ್ತೆ.

ಉತ್ತರ (ಕಂಪ್ಯೂಟರ್ ಸರ್ವೀಸ್, ಹಾಸನ):
ಕೇಬಲ್ ತಪ್ಪಲ್ಲ ಮೇಡಂ, ಮುಂಚೆ ಹಾಕಿ ತೆಗೆದ ಸೀಡಿ ಬರೆಯೋ ಸಾಫ್ಟ್‌ವೇರ್ ಬಿಟ್ಟುಹೋದ ಕಸ. ರಿಜಿಸ್ಟ್ರಿ ಎಡಿಟರ್‌ನಲ್ಲಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್ ತಿದ್ದೋ ಸಾಧನ) ಎಚ್‌ಕೆಇವೈ ಲೋಕಲ್ ಮಷೀನ್, ಸಿಸ್ಟಂ, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್ ಹೀಗೆ ಇಳಿದು, 4ಡಿ36ಇ965 ಅಂತ ಶುರುವಾಗೋ ಫೋಲ್ಡರ್ ಹುಡುಕಿ. ಆ ಶುರುವಿನ ಭಾಗದ ಕೊನೆಯ ಅಂಕಿ 5 ಅನ್ನೋದು ಗಮನ. 7 ಇರೋದು ಹಾರ್ಡ್‌ಡಿಸ್ಕಿನದು, ಅದನ್ನ ಮುಟ್ಟಬೇಡಿ. ಬಲಗಡೆ ಡಿವಿಡಿ ಅಂತ ಹೆಸರಿದ್ರೆ ಸರಿಯಾದ ಜಾಗ. ಮೊದಲು ಆ ಫೋಲ್ಡರನ್ನ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಂಡು, ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎರಡನ್ನೂ ಅಳಿಸಿ ಸಿಸ್ಟಂ ರೀಸ್ಟಾರ್ಟ್ ಮಾಡಿ. ಈಗಲೂ ಬಳಸ್ತಿರೋ ಬರೆಯೋ ಸಾಫ್ಟ್‌ವೇರ್ ಇದ್ರೆ ಅದನ್ನ ಆಮೇಲೆ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಬಹುದು.

ಪ್ರಶ್ನೆ (ಶಾಲಾ ಶಿಕ್ಷಕಿ):
ಬಂತು ಸರ್, ಎರಡೂ ಓದ್ತಿವೆ. ಹೊಸ ಡ್ರೈವಿನ ಟ್ರೇ ಮಾತ್ರ ಕೆಲವೊಮ್ಮೆ ಬಟನ್ ಒತ್ತಿದ್ರೆ ಕಟ್ ಅಂದು ತೆರೆಯಲ್ಲ.

ಉತ್ತರ (ಹಾರ್ಡ್‌ವೇರ್ ಟೆಕ್ನೀಷಿಯನ್, ಚಿಕ್ಕಮಗಳೂರು):
ಬಳಸಿದ ಡ್ರೈವ್ ಅಲ್ವಾ ಮೇಡಂ, ಒಳಗಿನ ರಬ್ಬರ್ ಬೆಲ್ಟ್ ಸಡಿಲ ಆಗಿದೆ. ಟ್ರೇ ತೆರೆಯುವಾಗ ಡಿಸ್ಕ್ ಹಿಡಿಯೋ ಅಯಸ್ಕಾಂತದ ಹಿಡಿತ ಬಿಡಿಸೋಕೆ ಹೆಚ್ಚು ಬಲ ಬೇಡುತ್ತೆ, ಆಗ ಜಾರುತ್ತೆ. ಸದ್ಯಕ್ಕೆ ಸಿಸ್ಟಂ ಆಫ್ ಮಾಡಿ, ಮುಂದಿನ ಸೂಜಿತೂತಿಗೆ ಪೇಪರ್ ಕ್ಲಿಪ್ ನೇರ ಮಾಡಿ ಒತ್ತಿ, ಟ್ರೇ ಬೆರಳಷ್ಟು ಹೊರಬರುತ್ತೆ. ಪೂರ್ತಿ ಎಳೆದ್ರೆ ಬಹಳ ಡ್ರೈವ್‌ಗಳಲ್ಲಿ ಟ್ರೇಯ ಅಡಿ, ಮುಂದುಗಡೆಯೇ ಬೆಲ್ಟ್ ಕಾಣುತ್ತೆ. ಚಿಮಟದಲ್ಲಿ ತೆಗೆದು ಬೆಲ್ಟನ್ನೂ ಎರಡು ಪುಟ್ಟ ರಾಟೆಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಲ್ಲಿ ಒರೆಸಿ, ಒಣಗಿಸಿ ಹಾಕಿ. ಎಣ್ಣೆ ಮಾತ್ರ ಬಿಡಬೇಡಿ, ಇನ್ನೂ ಜಾರುತ್ತೆ. ಒರೆಸಿದ ಮೇಲೂ ಜಾರಿದ್ರೆ ಉಗ್ರಾಣದ ಆ ಎರಡು ಹಳೇ ಡ್ರೈವ್ ಬಿಚ್ಚಿ ನೋಡಿ. ಅಳತೆ ಕೂಡಿದ್ರೆ ಅವುಗಳ ಬೆಲ್ಟನ್ನೇ ಹಾಕಬಹುದು.