"ವಸತಿ ಬಸ್ಸು" ಅನ್ನಬಹುದೇ? ಹಳೇ ಶಾಲಾ ಬಸ್ಸನ್ನು ಕ್ಯಾಂಪರ್ ಮಾಡುವ ಕೆಲಸದ ಪದಗಳು

ಪ್ರಶ್ನೆ, ಬಾಗಲಕೋಟೆಯಿಂದ:

ಎಲ್ಲರಿಗೂ ನಮಸ್ಕಾರ. ಹಳೆಯ ಶಾಲಾ ಬಸ್ಸನ್ನು ದುರಸ್ತಿ ಮಾಡಿ, ಒಳಗೆ ಮಲಗಲು, ಅಡುಗೆ ಮಾಡಲು ಅನುಕೂಲ ಕೂರಿಸಿ ಕ್ಯಾಂಪರ್ ಮಾಡುವುದರ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಓದುವವರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ವೆಲ್ಡರ್‌ಗಳು, ಬಡಿಗೇರರು, ವೈರಿಂಗ್ ಮಾಡುವವರು, ಮತ್ತೆ ಬಸ್ಸಿನ ಮಾಲೀಕರು. ಕರಡಿನ ಕೆಲವು ಪದಗಳ ಮೇಲೆ ತಕರಾರು ಬಂದಿದೆ.

ಗಾಡಿಗೆ "ವಸತಿ ಬಸ್ಸು" ಎಂದು ಹೆಸರಿಟ್ಟಿದೆ, ಕೆಲಸಕ್ಕೆ "ಜೀರ್ಣೋದ್ಧಾರ" ಎಂದಿದೆ. "ತುಕ್ಕು", "ಕಿಲುಬು" ಎರಡನ್ನೂ ಒಂದೇ ಎಂಬಂತೆ ಬಳಸಲಾಗಿದೆ. ನೀರು ಎಲ್ಲಿ ಹೇಗೆ ಬಂದರೂ "ಸೋರಿಕೆ". ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ "ಬೂದು ನೀರು", ಶೌಚದ್ದಕ್ಕೆ "ಕಪ್ಪು ನೀರು" ಎಂದಿದೆ. ಕರಡು ಓದಿದ ಬಡಿಗೇರರೊಬ್ಬರು "ಬೂದಿ ಕಲಸಿದ ನೀರೇನ್ರಿ?" ಎಂದು ಕೇಳಿದರು. ಇನ್ನು "ಕಮಾನು" ಒಂದು ಪುಟದಲ್ಲಿ ಗಾಲಿಯ ಮೇಲಿದೆ, ಇನ್ನೊಂದು ಪುಟದಲ್ಲಿ ತಲೆಯ ಮೇಲಿದೆ. ಟಾಪ್ ಕೊರೆದು ಕೂರಿಸುವ ಗಾಳಿ-ಬೆಳಕಿನ ಮುಚ್ಚಳಕ್ಕೂ ಒಂದು ಹೆಸರು ಬೇಕು.

ನಿಘಂಟಿನ ಅರ್ಥ ನಮ್ಮ ಬಳಿ ಇದೆ. ಬೇಕಾದದ್ದು ಗ್ಯಾರೇಜಿನಲ್ಲಿ ನಡೆಯುವ ಮಾತು, ಮತ್ತು ಅದು ಯಾವ ಕೆಲಸಕ್ಕೆ ಸಲ್ಲುತ್ತದೆ ಎಂಬ ವಿವರ.

ಉತ್ತರ, ಬೆಳಗಾವಿ ಉದ್ಯಮಬಾಗದಿಂದ:

ನಮಸ್ಕಾರ್ರೀ ಸರ್. "ವಸತಿ ಬಸ್ಸು" ಮೊದಲು ತೆಗೆದುಬಿಡ್ರಿ. ನಮ್ಮ ಕಡೆ ವಸ್ತಿ ಬಸ್ಸೆಂದರೆ ಸಂಜೆ ಹಳ್ಳಿಗೆ ಬಂದು ರಾತ್ರಿ ಅಲ್ಲೇ ನಿಂತು, ನಸುಕಿನಲ್ಲಿ ಮೊದಲ ಟ್ರಿಪ್ಪಿಗೆ ಹೊರಡುವ ಸಾರಿಗೆ ಸಂಸ್ಥೆಯ ಬಸ್ಸು. "ನಮ್ಮೂರಿಗೆ ವಸ್ತಿ ಬಸ್ ಬಿಡ್ರಿ" ಎಂದು ಡಿಪೋಗೆ ಅರ್ಜಿ ಕೊಡುವ ಜನ ನಿಮ್ಮ ಕೈಪಿಡಿಯ ಹೆಸರು ನೋಡಿ ವೇಳಾಪಟ್ಟಿ ಎಂದುಕೊಂಡಾರು. "ಮುಕ್ಕಾಂ ಗಾಡಿ" ಎನ್ನಿ. ಮುಕ್ಕಾಂ ಮಾಡುವುದೆಂದರೆ ದಾರಿಯಲ್ಲಿ ಒಂದು ಕಡೆ ಇಳಿದು ಉಳಿದುಕೊಳ್ಳುವುದು, ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. "ಬಿಡಾರದ ಬಂಡಿ" ಕೇಳಲು ಇನ್ನೂ ಚೆಂದ, ಆದರೆ ಬಂಡಿ ಎಂದ ಕೂಡಲೇ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಎತ್ತಿನ ಬಂಡಿ ಕಣ್ಣಿಗೆ ಬರುತ್ತದೆ.

ಆರ್‌ಟಿಒ ಕಾಗದಕ್ಕೆ ಈ ಸ್ವಾತಂತ್ರ್ಯ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಶಿಕ್ಷಣ ಸಂಸ್ಥೆಯ ಬಸ್ಸು ಪ್ರತ್ಯೇಕ ವರ್ಗ, ಸಾರಿಗೆ ವಾಹನದ ಲೆಕ್ಕಕ್ಕೆ ಬರುತ್ತದೆ. ಸೀಟು ಕಿತ್ತು ಮಂಚ ಹಾಕಿದರೆ ಆರ್‌ಸಿಯಲ್ಲಿರುವ ಆಸನ ಸಂಖ್ಯೆ, ಬಾಡಿಯ ಬಗೆ ಎರಡೂ ತಪ್ಪಾಗುತ್ತವೆ. ಇದನ್ನು ನೋಡುವುದು 52ನೇ ಕಲಂ. ಅಲ್ಲಿಗೆ ಸಲ್ಲುವ ಮಾತು "ಮಾರ್ಪಾಡು". ಗ್ಯಾಸ್ ಕಟರ್ ಹಚ್ಚುವ ಮೊದಲೇ ಒಪ್ಪಿಗೆಯ ವಿಷಯ ವಿಚಾರಿಸಬೇಕು ಎಂದು ಕೈಪಿಡಿಯ ಮೊದಲ ಪುಟದಲ್ಲೇ ಹಾಕ್ರಿ. ಹಳದಿ ಬಣ್ಣ, "ಶಾಲಾ ವಾಹನ" ಬರಹ ಎರಡೂ ಹೋಗಬೇಕು. ಬಣ್ಣ ಬದಲಾದದ್ದು ಆರ್‌ಸಿಯಲ್ಲೂ ಏರಬೇಕು.

ಜೀರ್ಣೋದ್ಧಾರ ಗುಡಿಗೆ ಇರಲಿ. ಗ್ಯಾರೇಜಿನಲ್ಲಿ ಮೂರು ಬೇರೆ ಮಾತುಗಳಿವೆ. ಎಂಜಿನ್, ಬ್ರೇಕ್, ಸ್ಟೇರಿಂಗ್ ಸರಿಮಾಡುವುದು ರಿಪೇರಿ. ಪತ್ರಾ (ತಗಡು), ಚೌಕಟ್ಟು, ಕಿಡಕಿ ಹೊಸದಾಗಿ ಮಾಡುವುದು ಬಾಡಿ ಕಟ್ಟುವುದು. ಹಳೇ ಡ್ಯಾಶ್‌ಬೋರ್ಡು, ಮೀಟರು, ಮುಂದಿನ ಜಾಳಿಗೆ ಇದ್ದಂತೆಯೇ ಉಳಿಸುವುದು ಮೂಲ ರೂಪಕ್ಕೆ ತರುವುದು. ಮಾಲೀಕರು ಮೊದಲ ದಿನವೇ ಯಾವುದೆಂದು ಹೇಳದಿದ್ದರೆ, ಉಳಿಸಬೇಕಾದ ಹಳೇ ಬೀಡಿಂಗ್ ಪಟ್ಟಿಯನ್ನು ವೆಲ್ಡರ್ ಗುಜರಿಗೆ ಹಾಕಿಬಿಡುತ್ತಾನೆ. ಅದು ಮತ್ತೆ ಸಿಗುವ ಮಾಲಲ್ಲ.

ತುಕ್ಕು ಕಬ್ಬಿಣಕ್ಕೆ, ಕಿಲುಬು ತಾಮ್ರ-ಹಿತ್ತಾಳೆಗೆ. ಬಸ್ಸಿನಲ್ಲಿ ಎರಡೂ ಇರುತ್ತವೆ, ಮದ್ದು ಬೇರೆಬೇರೆ. ಬ್ಯಾಟರಿ ವೈರಿನ ತುದಿಯಲ್ಲಿ ಹಸಿರು-ನೀಲಿಯಾಗಿ ಪುಡಿ ಕಟ್ಟುವುದು ಕಿಲುಬು. ಮೈನಸ್ ವೈರ್ ಮೊದಲು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ತೊಳೆದು, ಒಣಗಿಸಿ ಬಿಗಿದ ಮೇಲೆ ವ್ಯಾಸಲೀನ್ ಸವರಿದರೆ ಸಾಕು.

ತುಕ್ಕಿನ ಅಧ್ಯಾಯದಲ್ಲಿ ಒಂದೇ ಪದ ಸಾಲದು. ಮೇಲ್ಮೈ ಕೆಂಪಾಗಿದ್ದರೆ "ತುಕ್ಕು ಹಿಡಿದೈತಿ", ಪದರಪದರವಾಗಿ ಎದ್ದಿದ್ದರೆ "ಹಕ್ಕಳೆ ಎದ್ದೈತಿ", ಬೆರಳು ಒತ್ತಿದರೆ ಒಳಗೆ ಹೋಗುವಂತಿದ್ದರೆ "ಪತ್ರಾ ತಿಂದೈತಿ". ಮೊದಲನೆಯದಕ್ಕೆ ತಂತಿ ಬ್ರಷ್ಷು, ಫಾಸ್ಫಾರಿಕ್ ಆಮ್ಲದ ತುಕ್ಕು ಮದ್ದು, ಮೇಲೆ ಎಪಾಕ್ಸಿ ಪ್ರೈಮರ್. ಎರಡನೆಯದನ್ನು ಕೆರೆದು, ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಟಣ್ ಎಂದರೆ ಒಳಗೆ ಲೋಹ ಉಳಿದಿದೆ. ದಬ್ ಎಂದರೆ ಅದೂ ಮೂರನೆಯದರ ಸಾಲಿಗೇ. ಮೂರನೆಯದಕ್ಕೆ ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ 18 ಗೇಜಿನ, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ಪತ್ರಾ ಕೂರಿಸಬೇಕು. ಉದ್ದಕ್ಕೆ ಒಂದೇ ಸಲ ವೆಲ್ಡ್ ಎಳೆದರೆ ಕಾವಿಗೆ ಪತ್ರಾ ಡೊಂಕಾಗುತ್ತದೆ. ಎರಡು ಸೆಂ.ಮೀ. ಒಂದು ಕಡೆ, ಆಮೇಲೆ ದೂರದ ಇನ್ನೊಂದು ಕಡೆ ಎಂದು ಹಾರಿಸಿಕೊಂಡು ಹೋಗಬೇಕು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ, ಆಲ್ಟರ್ನೇಟರ್ ವೈರು ಎರಡೂ ಬಿಚ್ಚಿರಬೇಕು. ಇಲ್ಲದಿದ್ದರೆ ಆಲ್ಟರ್ನೇಟರಿನ ಡಯೋಡು ಹೋಗುವ ಭಯ. ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಬಸ್ಸು ಮಾರುವವರ ವಿದ್ಯೆ. ಪುಟ್ಟಿ ಹಿಂದಿನಿಂದ ನೀರು ಕುಡಿದು ಉದುರುತ್ತದೆ.

ನೋಡಬೇಕಾದ ಜಾಗಗಳು: ಹತ್ತುವ ಮೆಟ್ಟಿಲ ಗುಂಡಿ, ಗಾಲಿಯ ಮೇಲಿನ ಗೂಡು, ಕಿಡಕಿ ಗಾಜು ಕೂರುವ ಕೆಳಗಿನ ಚಾನೆಲ್ಲು, ನೆಲದ ಅಡ್ಡಪಟ್ಟಿಗಳು. ಕೃಷ್ಣಾ, ಘಟಪ್ರಭಾ ದಂಡೆಯ ಎರೆ ಭೂಮಿಯಲ್ಲಿ ಓಡಿದ ಬಸ್ಸಾದರೆ ಚಾಸಿ ಮೂಲೆಗಳಲ್ಲಿ ಎರೆ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಹೊರಗೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ತೇವ ಹಿಡಿದಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಕೆರೆದು ತೊಳೆಯದೆ ತುಕ್ಕು ನೋಡಿದೆ ಎನ್ನುವುದು ಸುಳ್ಳು.

ಈಗ ನೀರು. ಕರಡಿನ "ಸೋರಿಕೆ"ಯಲ್ಲಿ ಕನಿಷ್ಠ ಮೂರು ರೋಗ ಸೇರಿಕೊಂಡಿವೆ. ತೂತಿನಿಂದ ಹನಿಹನಿಯಾಗಿ ಬಿದ್ದರೆ ಸೋರುವುದು. ಜೋಡಣೆಯಿಂದ, ರಿವೆಟ್ ಪಕ್ಕದಿಂದ ನಿಧಾನ ಬಂದು ಒದ್ದೆಯ ಗೆರೆ ಮೂಡಿದರೆ ಜಿನುಗುವುದು. ಮಳೆಯೇ ಇಲ್ಲದ ದಿನ ಬೆಳಗ್ಗೆ ಟಾಪಿನ ಒಳಮೈ ಒದ್ದೆಯಾಗಿದ್ದರೆ ಅದು ಬೆವರುವುದು. ಮಲಗಿದವರ ಉಸಿರು, ಅಡುಗೆಯ ಆವಿ ತಣ್ಣಗಿನ ತಗಡಿಗೆ ತಾಗಿ ನೀರಾಗುತ್ತದೆ. ಬೆವರುವ ಟಾಪಿಗೆ ಎಷ್ಟು ಸೀಲಂಟ್ ಹಚ್ಚಿದರೂ ದಂಡ. ಅದಕ್ಕೆ ಬೇಕಾದದ್ದು ಗಾಳಿಯಾಟ, ತಗಡಿಗೆ ಸಂದಿಯಿಲ್ಲದಂತೆ ಅಂಟಿದ ಹೊದಿಕೆ.

ಜಿನುಗುವ ರಿವೆಟ್ಟನ್ನು ಡ್ರಿಲ್ಲಿನಿಂದ ಬಿಡಿಸಿ, 4.8 ಮಿ.ಮೀ. ತುದಿ ಮುಚ್ಚಿದ ರಿವೆಟ್ಟನ್ನು ಪಿಯು (ಪಾಲಿಯುರಿಥೇನ್) ಸೀಲಂಟಿನಲ್ಲಿ ಅದ್ದಿ ಹೊಡೆಯಬೇಕು. ತೂತು ಹಿಗ್ಗಿದ್ದರೆ ಒಂದು ಸೈಜು ದೊಡ್ಡದು. ಸಿಲಿಕೋನ್ ಬೇಡವೇ ಬೇಡ. ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ, ಕೆರೆದು ತೆಗೆದರೂ ಎಣ್ಣೆಯಂಥ ಪೊರೆ ಉಳಿದು ಮುಂದೆ ಹಚ್ಚುವ ಯಾವುದೂ ನಿಲ್ಲುವುದಿಲ್ಲ.

ಪರೀಕ್ಷೆಯ ಕ್ರಮವನ್ನೂ ಬರೆಯಿರಿ. ಒಳಗಿನ ಲೈನಿಂಗ್ ಬಿಚ್ಚಿ, ಒಬ್ಬರು ಟಾರ್ಚ್ ಹಿಡಿದು ಒಳಗೆ, ಒಬ್ಬರು ಪೈಪ್ ಹಿಡಿದು ಹೊರಗೆ. ಕಿಡಕಿಯ ಕೆಳಅಂಚಿಗೆ ಐದು ನಿಮಿಷ ನೀರು ಬಿಟ್ಟು ಆಮೇಲೆ ಒಂದೊಂದೇ ಅಡಿ ಮೇಲೇರಬೇಕು. ಟಾಪಿನಿಂದಲೇ ಶುರುಮಾಡಿದರೆ ಇಡೀ ಬಸ್ಸು ತೊಯ್ದು ಯಾವ ಸಂದಿಯದೆಂದು ಗೊತ್ತೇ ಆಗುವುದಿಲ್ಲ. ಹನಿ ಬೀಳುವ ಜಾಗವೇ ತೂತಿನ ಜಾಗ ಎಂದು ನಂಬಬಾರದು. ನೀರು ಕಮಾನಿನ ಗುಂಟ ಓಡಿ ಮೂರು-ನಾಲ್ಕು ಅಡಿ ಆಚೆ ಬೀಳುತ್ತದೆ.

ಕಮಾನು ಎಂದೆ. ಟಾಪನ್ನು ಹೊತ್ತ ಬಾಗಿದ ಪಟ್ಟಿಗಳಿಗೆ ಆ ಪದ ಬಿಟ್ಟುಕೊಡ್ರಿ. ಗಾಲಿಯ ಮೇಲಿನದು, ಅಂದರೆ ಲೀಫ್ ಸ್ಪ್ರಿಂಗು, ಪಾಟಾ. "ಪಾಟಾ ಕಟ್ಟಾಗೈತಿ" ಎಂದರೆ ಎಲೆ ಮುರಿದಿದೆ, "ಪಾಟಾ ಕುಂತಾವ" ಎಂದರೆ ಬಾಗು ಇಳಿದಿದೆ. ಮುರಿದದ್ದನ್ನು ಬದಲಿಸಬೇಕು, ಕೂತದ್ದನ್ನು ಬಾಗು ಏರಿಸಿ ತರಬಹುದು. ಪಾಟಾ ಬಿಚ್ಚಿದರೆ ಯು-ಬೋಲ್ಟ್ ಹೊಸದೇ ಹಾಕಬೇಕು, ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಶಾಲಾ ಬಸ್ಸಿನ ಭಾರ ಹತ್ತಿ ಇಳಿಯುವಂಥದ್ದು, ಮುಕ್ಕಾಂ ಗಾಡಿಯ ಭಾರ ರಾತ್ರಿಯೂ ಇಳಿಯುವುದಿಲ್ಲ. ಅಡುಗೆ ಕಟ್ಟೆ, ನೀರಿನ ಟಾಕಿ, ಬ್ಯಾಟರಿ ಮೂರನ್ನೂ ಒಂದೇ ಮಗ್ಗುಲಿಗೆ ಹಾಕಿದರೆ ಆ ಮಗ್ಗುಲಿನ ಪಾಟಾ ಕೂರುತ್ತವೆ. ಒಳಗಿನ ಕೆಲಸ ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಟಾಕಿ ತುಂಬಿಸಿ ಒಮ್ಮೆ ಕಾಟಾ ಮಾಡಿಸಿ ಗಾಡಿಯ ತೂಕ ನೋಡಬೇಕು, ಮುಂದಿನ ಗಾಲಿ ಬೇರೆ, ಹಿಂದಿನ ಗಾಲಿ ಬೇರೆ. ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ಕಾಟಾ ಎಂದರೇನೆಂದು ಅಡಿಟಿಪ್ಪಣಿ ಹಾಕುವ ಅಗತ್ಯ ಇಲ್ಲ.

ಬೂದು ನೀರು, ಕಪ್ಪು ನೀರು ಎರಡನ್ನೂ ಅಳಿಸಿರಿ. ಬಚ್ಚಲ ನೀರು, ಮುಸುರೆ ನೀರು, ಪಾಯಖಾನಿ ಟಾಕಿ. ನಮ್ಮಲ್ಲಿ ಎರಡರ ಜಾಗದಲ್ಲಿ ಮೂರು ಇರುವುದೇ ಲಾಭ. ಮುಸುರೆಯಲ್ಲಿ ಜಿಡ್ಡು, ಅನ್ನದ ಅಗಳು ಇರುತ್ತವೆ, ಬೇಸಿಗೆಯಲ್ಲಿ ಬಚ್ಚಲ ನೀರಿಗಿಂತ ಬೇಗ ನಾರುತ್ತದೆ. ಅದಕ್ಕೆ ಜಾಳಿಗೆ, ಕೈಯಿಂದ ಬಿಚ್ಚಿ ತೊಳೆಯುವಂಥ ಸಣ್ಣ ಡಬ್ಬಿ ಬೇಕು. ಪೈಪಿಗೆ ಮೀಟರಿಗೆ ಎರಡು ಸೆಂ.ಮೀ. ಇಳಿಜಾರು ಕೊಡಬೇಕು. ಒಳ್ಳೆಯ ನೀರಿನ ಟಾಕಿ 100 ಲೀಟರಿನದಾದರೆ ನೀರೇ 100 ಕೆ.ಜಿ. ಅದು ನೆಲಕ್ಕೆ ಹತ್ತಿರ, ಎರಡು ಆಕ್ಸಲ್‌ಗಳ ನಡುವೆ ಇರಬೇಕು. ಒಳಗೆ ಅಡ್ಡತಡೆ ಇಲ್ಲದ ಟಾಕಿಯಲ್ಲಿ ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ತುಳುಕಿ ಗಾಡಿಯನ್ನೇ ನೂಕುತ್ತದೆ. ಸವಳು ನೀರು ತುಂಬಿಸುವ ಊರುಗಳಲ್ಲಿ ಪಂಪಿನ ಮುಂದೆ ಫಿಲ್ಟರ್ ಇರಲಿ, ಟಾಕಿಗೆ ಕೈ ಹೋಗುವಷ್ಟು ದೊಡ್ಡ ಬಾಯಿ ಇರಲಿ.

ಟಾಪಿನ ಮುಚ್ಚಳಕ್ಕೆ "ಬೆಳಕಿಂಡಿ" ಎನ್ನಿ, ಮಾಳಿಗೆ ಮನೆಯಲ್ಲಿ ಇದ್ದದ್ದೇ. ಎರಡು ಕಮಾನುಗಳ ನಡುವೆಯೇ ಕೊರೆಯಬೇಕು. ಕಮಾನು ಕತ್ತರಿಸಿದರೆ ಗಾಡಿ ಪಲ್ಟಿಯಾದಾಗ ಟಾಪ್ ಕುಸಿಯುತ್ತದೆ. ಕೊರೆದ ಅಂಚಿಗೆ ಪ್ರೈಮರ್, ಆಮೇಲೆ ಬ್ಯೂಟೈಲ್ ಟೇಪು, ಆಮೇಲೆ ಸ್ಕ್ರೂ.

ಇನ್ನೊಂದು ಉತ್ತರ, ವಿಜಯಪುರದಿಂದ:

ಮೇಲಿನವರು ಹೇಳಿದ್ದಕ್ಕೆ ತಕರಾರಿಲ್ಲ. ಎರಡು ಸೇರಿಸುವುದಿದೆ.

"ಬೆವರು" ಪದಕ್ಕೆ ನನ್ನ ಮತ, ಆದರೆ ನಮ್ಮಲ್ಲಿ ವರ್ಷದ ಬಹುಪಾಲು ಕಾಟ "ಕಾವು". ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ನಿಂತ ಬಸ್ಸಿನ ಟಾಪ್ ಮುಟ್ಟಲಾಗುವುದಿಲ್ಲ. ಸಾದಾ ಅಂಟು ಆ ಕಾವಿಗೆ ಮೆತ್ತಗಾಗಿ ಹೊದಿಕೆ ಜೋತುಬೀಳುತ್ತದೆ, ಸಂದಿಯಲ್ಲಿ ಗಾಳಿ ಸೇರುತ್ತದೆ, ಚಳಿಗಾಲದಲ್ಲಿ ಅಲ್ಲೇ ಬೆವರುತ್ತದೆ. ಹಾಗಾಗಿ ಕೈಪಿಡಿಯಲ್ಲಿ ಕಾವು ತಡೆಯುವ ಅಂಟು ಎಂದೇ ಬರೆಯಬೇಕು. 19 ಮಿ.ಮೀ. ನೈಟ್ರೈಲ್ ರಬ್ಬರ್ ಹಾಳೆ ಬಾಗಿದ ಟಾಪಿಗೆ ಸರಿಯಾಗಿ ಕೂರುತ್ತದೆ. ಗಾಜಿನ ಉಣ್ಣೆ ಒಮ್ಮೆ ನೀರು ಹಿಡಿದರೆ ಬೇಗ ಬಿಡುವುದಿಲ್ಲ, ಬಸ್ಸಿಗೆ ಬೇಡ. ಕಮಾನುಗಳ ಮೇಲೂ ತೆಳುವಾಗಿ ಹಾಳೆ ಹಾಯಬೇಕು, ಇಲ್ಲದಿದ್ದರೆ ಕಾವು ಅವುಗಳ ಗುಂಟವೇ ಒಳಗೆ ಇಳಿಯುತ್ತದೆ. ಟಾಪಿಗೆ ಬಿಳಿ ಬಣ್ಣ.

ಇನ್ನೊಂದು ಪದ "ಅರ್ಥ". ವೈರಿಂಗ್‌ನವರು "ಅರ್ಥ ಸಿಗವಲ್ದು" ಎಂದರೆ ಪದಗಳ ಅರ್ಥ ಹುಡುಕುವ ಈ ಗುಂಪಿನವರು ನಗಬಹುದು. ಅವರು ಹೇಳುವುದು ಇಂಗ್ಲಿಷಿನ ಅರ್ತ್, ಅಂದರೆ ಬಸ್ಸಿನ ಬಾಡಿಯ ಲೋಹಕ್ಕೆ ಜೋಡಿಸುವ ಮೈನಸ್. ಹಳೇ ಬಸ್ಸಿನಲ್ಲಿ ಅರ್ಧ ದೋಷ ಅಲ್ಲೇ ಇರುತ್ತದೆ, ಬಣ್ಣದ ಮೇಲೆ ಬಿಗಿದ ಬೋಲ್ಟಿನಲ್ಲಿ. ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಬಿಗಿದು, ಮೇಲೆ ಗ್ರೀಸ್ ಹಚ್ಚಬೇಕು. ದೊಡ್ಡ ಬಸ್ಸುಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಒಳಗಿನ ದೀಪ, ಫ್ಯಾನು 12 ವೋಲ್ಟಿನವೆಂದು ಒಂದೇ ಬ್ಯಾಟರಿಯಿಂದ ವೈರ್ ಎಳೆಯುವವರಿದ್ದಾರೆ. ಆಗ ಒಂದು ಬ್ಯಾಟರಿ ಖಾಲಿ, ಇನ್ನೊಂದು ಅತಿಯಾಗಿ ಚಾರ್ಜು, ಕೊನೆಗೆ ಎರಡೂ ಗುಜರಿಗೆ. ಕನ್ವರ್ಟರ್ ಹಾಕಿ 24ನ್ನು 12ಕ್ಕೆ ಇಳಿಸಬೇಕು, ಇಲ್ಲವೇ ಒಳಗಿನದಕ್ಕೆ ಬೇರೆಯೇ ಬ್ಯಾಟರಿ ಇಡಬೇಕು. ಅವುಗಳಿಗೆ "ಗಾಡಿ ಬ್ಯಾಟರಿ", "ಮನಿ ಬ್ಯಾಟರಿ" ಎಂದು ಹೆಸರಿಡಿ, ಅದನ್ನೇ ಪೆಟ್ಟಿಗೆಯ ಮೇಲೂ ಬಣ್ಣದಲ್ಲಿ ಬರೆಸಿ. 100 ಆಂಪಿಯರ್-ಅವರ್‌ನ 12.8 ವೋಲ್ಟ್ ಲಿಥಿಯಂ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇರುತ್ತದೆ. 28 ವ್ಯಾಟಿನ ಫ್ಯಾನು ಎಂಟು ತಾಸು ತಿರುಗಿದರೆ 224 ಹೋಯಿತು. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಅದಕ್ಕಿಂತ ದೂರ ಇಟ್ಟರೆ ನಡುವಿನ ವೈರಿಗೆ ಕಾವಲಿಲ್ಲ.

ಗ್ಯಾಸ್ ಸಿಲಿಂಡರ್ ಗೂಡಿನ ಕಿಂಡಿಗೆ ಕರಡಿನಲ್ಲಿ "ಗವಾಕ್ಷಿ" ಎಂದಿದ್ದರೆ ಅದನ್ನೂ ಬದಲಿಸಿ, ಓದುವವರು ಗೂಡಿನ ಮೇಲ್ಗಡೆ ಕೊರೆದಾರು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ತಳಕ್ಕೆ ಇಳಿಯುತ್ತದೆ. "ತಳಗಿಂಡಿ" ಎಂದು ಬರೆಯಿರಿ. ಅದು ಗೂಡಿನ ತಳದಲ್ಲಿ, ಬಸ್ಸಿನ ಹೊರಕ್ಕೆ ತೆರೆದಿರಬೇಕು, ಗೂಡಿಗೂ ಒಳಗಿನ ಕೋಣೆಗೂ ನಡುವೆ ಸಂದಿ ಇರಬಾರದು.